ಹದಿಮೂರನೆಯ ತಿಂಗಳು

ಅರ್ಜಿಯ ನಾಲ್ಕನೆಯ ಪುಟದಲ್ಲಿ ಒಂದು ಖಾಲಿ ಚೌಕ.
ಅದರೊಳಗೆ ಡಾಕ್ಟರು ಒಂದು ಅಂಕಿ ಬರೆಯಬೇಕು,
ಹನ್ನೆರಡು, ಅಥವಾ ಅದಕ್ಕಿಂತ ಕಡಿಮೆ.
ಹದಿಮೂರಾದರೆ ದುಡ್ಡಿಲ್ಲ.

ಹಾಲ್ವರ್ಸನ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು.
'ಹೇಳೋದು ಕಷ್ಟ, ಮಾರ್ಲಿಸ್.
ಕೆಲವರು ಎರಡು ವರ್ಷ ಎಳೆದದ್ದುಂಟು.'
ಬೇರೆ ಯಾವ ದಿನ ಆ ಮಾತು ಕೇಳಿದ್ದರೂ
ಅವರ ಕೈ ಹಿಡಿದು ಅತ್ತುಬಿಡುತ್ತಿದ್ದೆ.
ಅವತ್ತು ನಾನು,
ಮೂವತ್ತೊಂಬತ್ತು ವರ್ಷ ಅವನ ಗೊರಕೆ ಕೇಳುತ್ತಾ ಮಲಗಿದವಳು,
ಮೇಜಿನ ಮೇಲೆ ಬಾಗಿ ಚೌಕಾಸಿಗಿಳಿದೆ:
'ಅಷ್ಟೆಲ್ಲ ಬೇಡ ಡಾಕ್ಟರೇ. ಹತ್ತು ಅಂತ ಹಾಕಿ.'

ಪಕ್ಕದ ಕುರ್ಚಿಯಲ್ಲಿ ವರ್ನ್ ನಕ್ಕ.
ಅದಿರಿನ ಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದವನು,
ಇಪ್ಪತ್ತೆರಡು ಜನರ ಹಸಿವನ್ನು ಕಣ್ಣಳತೆಯಲ್ಲೇ ಅಳೆಯುತ್ತಿದ್ದವನು.
'ಒಂಬತ್ತು ಹಾಕಿಬಿಡಿ' ಅಂದ,
'ಮಿಕ್ಕರೆ ನಾಳೆಗಾಯಿತು.'

ಓಮಾಹಾದಿಂದ ಫೋನಿನಲ್ಲಿ ಒಬ್ಬ ಹುಡುಗಿ, ಡನೆಲ್ ಅಂತ.
'ಅಭಿನಂದನೆಗಳು, ಮಂಜೂರಾಗಿದೆ' ಅಂದವಳು
ನಾಲಿಗೆ ಕಚ್ಚಿಕೊಂಡದ್ದು ಇಲ್ಲಿಗೆ ಕೇಳಿಸಿತು.
ಮುಕ್ಕಾಲು ಪಾಲು ಈಗ, ಕಾಲು ಪಾಲು ಆಮೇಲೆ.
ನಡುವೆ ಬಡ್ಡಿ ಮುರಿದುಕೊಳ್ಳುತ್ತಾರಂತೆ,
ಸಾವಿಗಿಂತ ಮುಂಚೆ ಬಂದ ದುಡ್ಡಿಗೆ
ಸಾವು ಬರುವವರೆಗಿನ ಬಡ್ಡಿ.

ಇಪ್ಪತ್ತಾರು ವರ್ಷ, ತಿಂಗಳಿಗೆ ನಲವತ್ತೊಂದು ಡಾಲರ್,
ಹಡಗಿನಿಂದಲೇ ಕಳಿಸುತ್ತಿದ್ದ ನನ್ನ ಹೆಸರಿಗೆ:
ಅವನಿಲ್ಲದ ನನಗೆ.
ಈಗ ಅವನಿರುವ ನಾನು
ಆ ವಿಧವೆಯ ಪರ್ಸಿಗೆ ಕೈ ಹಾಕಿದ್ದೆ.

ಮೊದಲು ಆಸ್ಪತ್ರೆಯ ಬಾಕಿ.
ಆಮೇಲೆ ಮನೆ ಬೆಚ್ಚಗಿಡುವ ಫರ್ನೇಸು,
ಹತ್ತು ವರ್ಷದ ಗ್ಯಾರಂಟಿ, ಕಾರ್ಡಿನ ಮೇಲೆ ಸಹಿ ಅವನದೇ.
ಆಮೇಲೆ ಹಲ್ಲಿನ ಸೆಟ್ಟು.
ಒಂಬತ್ತು ತಿಂಗಳಿಗೆ ಹಲ್ಲು ಯಾಕೆ ಅಂತ
ನಾನು ಬಾಯಿಬಿಟ್ಟು ಕೇಳಲಿಲ್ಲ.
'ಜೋಳ ಕಚ್ಚಬೇಕು' ಅಂದ.
ಆಗಸ್ಟಿನಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು
ಏಳು ತೆನೆ ಕಚ್ಚಿದ, ಗಲ್ಲದ ತುಂಬ ಬೆಣ್ಣೆ.
ರಾತ್ರಿಯೆಲ್ಲ ವಾಂತಿ. ಬೆಳಿಗ್ಗೆ ಮತ್ತೆ ಕೇಳಿದ,
'ಒಂದಾದರೂ ಉಳಿದಿದೆಯಾ?'

ಒಂಬತ್ತು ಕಳೆಯಿತು.
ಸುಪೀರಿಯರ್ ಸರೋವರ ಹೆಪ್ಪುಗಟ್ಟಿತು, ಹಡಗುಗಳು ಕಟ್ಟಿಹಾಕಿಸಿಕೊಂಡವು.
ಹನ್ನೊಂದು.
ಮಾರ್ಚ್ ಕೊನೆಗೆ ಗಡ್ಡೆ ಒಡೆದು
ಮೊದಲ ಹಡಗು ಸೇತುವೆಯ ಕೆಳಗೆ ಕೊಂಬೂದಿದಾಗ
ಅವನು ಕಿಟಕಿಯ ಹತ್ತಿರ ಕಂಬಳಿ ಹೊದ್ದು ಇನ್ನೂ ಇದ್ದ.
'ತಡವಾಯಿತು' ಅಂದ,
ಹಡಗಿಗೋ ತನಗೋ.

ಆಗ ಶುರುವಾಯಿತು ನೋಡಿ ನನಗೆ ಭಯ.
ಗುರುತಿಲ್ಲದ ನಂಬರಿನ ಫೋನು ಎತ್ತುತ್ತಿರಲಿಲ್ಲ.
ಅಂಗಡಿಯಲ್ಲಿ ಪರಿಚಯದವರು ಕಂಡರೆ
ಗಾಡಿ ತಿರುಗಿಸಿ ಸೋಪಿನ ಸಾಲಿಗೆ ನುಗ್ಗುತ್ತಿದ್ದೆ.
ಗಂಡ ಉಸಿರಾಡುತ್ತಿದ್ದಾನೆ
ಅನ್ನುವುದನ್ನು ಕದ್ದ ಮಾಲಿನ ಹಾಗೆ
ಕೋಟಿನೊಳಗೆ ಬಚ್ಚಿಟ್ಟುಕೊಂಡು ತಿರುಗಿದೆ.
ಕೊನೆಗೆ ಒಂದು ದಿನ ತಡೆಯಲಾರದೆ ನಾನೇ ಓಮಾಹಾಕ್ಕೆ ಫೋನು ಮಾಡಿ
ಪಾಲಿಸಿ ನಂಬರು ಹೇಳಿ, ಕೇಳಿದೆ:
'ಹದಿಮೂರನೆಯ ತಿಂಗಳು ನಡೀತಾ ಇದೆ.
ಎಷ್ಟು ವಾಪಸು ಕಟ್ಟಬೇಕು?'

ಆ ಕಡೆ ಕೀಲಿಮಣೆಯ ಸದ್ದು ನಿಂತಿತು.
ಡನೆಲ್ ಅಲ್ಲ, ಬೇರೆ ಯಾರೋ, ವಯಸ್ಸಾದ ಗಂಡಸಿನ ದನಿ.
'ಏನೂ ಇಲ್ಲಮ್ಮ. ಬದುಕಿದ್ದಕ್ಕೆ ದಂಡ ಇಲ್ಲ.'
ಸ್ವಲ್ಪ ತಡೆದು,
'ಈ ಮಾತುಕತೆ ರೆಕಾರ್ಡ್ ಆಗ್ತದೆ. ಆದರೂ ಕೇಳ್ತೇನೆ,
ಈಗ ಏನು ಮಾಡ್ತಾ ಇದ್ದಾರೆ ಅವರು?'

ತಿರುಗಿ ನೋಡಿದೆ.
ಪಕ್ಕದ ಮನೆಯ ಹುಡುಗ ರಾತ್ರಿ ಬಲೆ ಹಾಕಿ
ಒಂದು ಬಕೆಟ್ಟು ಸ್ಮೆಲ್ಟ್ ಮೀನು ಇಟ್ಟು ಹೋಗಿದ್ದ.
ಸ್ಟೂಲಿನ ಮೇಲೆ ಕೂತು, ಆಕ್ಸಿಜನ್ ನಳಿಗೆ ಕಿವಿಗೆ ಸಿಕ್ಕಿಸಿಕೊಂಡು,
ಒಲೆಯಿಂದ ದೂರ, ಡಾಕ್ಟರು ಹೇಳಿದಷ್ಟು ದೂರ,
ವರ್ನ್ ಹಿಟ್ಟಿನಲ್ಲಿ ಮೀನು ಹೊರಳಿಸುತ್ತಿದ್ದ.
ಹುರಿಯಬೇಕಾದವಳು ನಾನು.
ತಟ್ಟೆಯಲ್ಲಿ ಆಗಲೇ ಅರವತ್ತೋ ಎಪ್ಪತ್ತೋ.

'ಜಾಸ್ತಿ ಮಾಡ್ತಾ ಇದ್ದಾನೆ' ಅಂದೆ ಫೋನಿಗೆ,
'ಯಾವಾಗಲೂ ಜಾಸ್ತಿಯೇ.'