ಆಬಾನ್ ತಿಂಗಳ ಆರು ಪುಟ

ಹೊಸ ಠಾಣೆಗೆ ಸಾಮಾನು ಸಾಗಿಸುವ ದಿನ
ಚಿಟಗುಪ್ಪದ ಹಳೆ ಕಟ್ಟಡದಲ್ಲಿ, ಬಂದೂಕಿನ ಕಪಾಟಿನ ಹಿಂದೆ
ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು.
"ಒಗೀರಿ ಮೇಡಂ, ಹುಳಾ ಹತ್ಯಾವ" ಅಂದ ಘಾಳೆಪ್ಪ.
ನಾನು ಇಲ್ಲಿಯ ರೈಟರ್.
ಬರೆದದ್ದನ್ನು ಒಗೆಯಲು ಈ ಕೈಗೆ ಯಾರೂ ಕಲಿಸಿಲ್ಲ.

ಒಳಗೆ ರೋಜನಾಮಚೆ. ಪಾಯಗಾದ ಮೊಹರು.
ಬಲದಿಂದ ಎಡಕ್ಕೆ ಯಾವನೋ ಅಮೀನನ ಅವಸರದ ಉರ್ದು.
ಖಮರುನ್ನಿಸಾ ಟೀಚರು ಸೆರಗಿನಿಂದ ಧೂಳು ಒರೆಸಿ
ಪಾಠ ಒಪ್ಪಿಸುವ ದನಿಯಲ್ಲಿ ಓದಿದರು:

ಫಸಲಿ ಸಾವಿರದ ಮುನ್ನೂರ ನಲವತ್ತೊಂದು, ಬಹಮನ್ ತಿಂಗಳು.
ನಿರ್ಣಾದ ವಾಲೀಕಾರ ರಾತ್ರಿಯೆಲ್ಲ ನಡೆದು,
ಕಂದೀಲಿನ ಎಣ್ಣೆ ತೀರಿದ ಮೇಲೂ ನಡೆದು
ಹೇಳಿದ್ದು: ಎತ್ತು ಒಂದು ಕಳುವು.
ಅವನಿಗೆ ಕೊಟ್ಟದ್ದು: ರೊಟ್ಟಿ ಒಂದು, ಹೊರಗಡೆ.

ಆಗ ಪೊಲೀಸರನ್ನು ಕರೆಯುವುದೆಂದರೆ
ಯಾರದೋ ಕಾಲು.
ಕಾಲು ತಂದ ಬಾಯಿ, ಬಾಯಿಯ ಹಿಂದಿನ ಜಾತಿ,
ಅದನ್ನು ನೋಡಿ ತೆರೆಯುವ ಸಾಹೇಬರ ಕಿವಿ.
ಆಮೇಲೆ ಕುದುರೆ.
ಕುದುರೆಯ ಹುರಳಿ ಲೆಕ್ಕ ಮೂರು ಪುಟ,
ಎತ್ತಿನದು ಅರ್ಧ ಸಾಲು: ಸಿಗಲಿಲ್ಲ.

ನಕ್ಕೆವು. ಚಹಾ ಬಂತು.
ಟೀಚರು ಇನ್ನೊಂದು ವಹಿ ತೆಗೆದರು. ಐವತ್ತೇಳರದು. ಆಬಾನ್.
ಪುಟ ತಿರುವಿದರು. ಖಾಲಿ.
ಇನ್ನೊಂದು. ಖಾಲಿ.
ಆರು ಪುಟ. ತಾರೀಖು ಮಾತ್ರ ಇದ್ದವು,
ಕೆಂಪು ಮಸಿಯಲ್ಲಿ ಮೊದಲೇ ಬರೆದಿಟ್ಟವು.

"ಮುಂದ?"
"ಮುಂದ ಬ್ಯಾರೆ ಕೈ. ಹೊಸ ಮೊಹರು.
ಲಾಂದ್ರ ಒಂದು, ಬೆಂಚು ಎರಡು, ಬೇಡಿ ಹನ್ನೊಂದು ಜೋಡಿ,
ಎಲ್ಲಾ ಬರೋಬರಿ ಅದ ಅಂತ ಬರದಾನ."
ಕನ್ನಡಕ ತೆಗೆದರು.
"ನಮ್ಮ ದಾದಿಮಾ ಆ ವಾರ ಇದೇ ಠಾಣೆ ಕಟ್ಟಿ ಮ್ಯಾಲ
ಎರಡು ದಿನ ಕುಂತಿದ್ದಳಂತ.
ಒಳಗ ಯಾರೂ ಇರಲಿಲ್ಲಂತ."
ಇಷ್ಟು ಹೇಳಿ, ಚಹಾ ಆರಿತೆಂದು ಬಟ್ಟಲು ಎತ್ತಿಕೊಂಡು ಒಳಗೆ ಹೋದರು.
ನಾನು ಕೇಳಲಿಲ್ಲ.
ಇಪ್ಪತ್ತೆರಡು ವರ್ಷದಿಂದ ಕೇಳುವುದೇ ನೌಕರಿ,
ಕೇಳಲಿಲ್ಲ.

ಐವತ್ತಾರರ ಆಚೆ ನನಗೇ ಓದಲು ಬರುತ್ತದೆ.
ವೈಜಿನಾಥ ಎಂಬೊಬ್ಬ ಜವಾನನ ದುಂಡು ಕನ್ನಡ:
ಫಿರ್ಯಾದಿ, ಮುಲ್ಜಿಮ್, ತಫ್ತೀಶ್, ಗವಾಹಿ.
ರಾಜ್ಯ ಬದಲಾಯಿತು, ಶಬ್ದಗಳಿಗೆ ಜಾಮೀನು ಸಿಗಲಿಲ್ಲ.
ಆಮೇಲೆ ಫೋನು. ಊರಿಗೆಲ್ಲ ಒಂಬತ್ತು, ಠಾಣೆಯದು ನಾಲ್ಕನೆಯದು.
ಎಕ್ಸ್‌ಚೇಂಜಿನ ಹುಡುಗಿ "ಯಾರ್ ಸತ್ತಾರ?" ಅಂತ
ಮೊದಲು ತಾನು ಕೇಳಿ, ನಂತರ ಲೈನು ಕೊಡುತ್ತಿದ್ದಳಂತೆ.
ಆಮೇಲೆ ನೂರು. ಈಗ ನೂರಾ ಹನ್ನೆರಡು.

ಹೊಸ ಗೋಡೆಗೆ ಬಣ್ಣ ಬಳಿಯುವ ಝರೆಪ್ಪ ಕುಂಚ ಹಿಡಿದು ನಿಂತ:
"ಏನ್ ಬರೀಲ್ರಿ?"
ಬರಿ, ಒಂದು ಒಂದು ಎರಡು.
ಫೋನ್ ಇಲ್ಲದವರು ನಡೆದು ಬರ್ರಿ, ಬಾಗಿಲು ಮೂಡಣಕ್ಕದ.
ನಾಯಿ ಅದ, ಕಡಿಯಂಗಿಲ್ಲ.
ಅರ್ಜಿ ಬೇಕಿಲ್ಲ, ಬಾಯಿಲೇ ಹೇಳ್ರಿ, ನಾ ಬರಕೋತೀನಿ.
ಹೇಳಾಕ ಆಗದಿದ್ದರ ಸುಮ್ಮನೆ ಕೂಡ್ರಿ,
ಒಳಗ ಒಬ್ಬರು ಇರ್ತೀವಿ.
"ಅಷ್ಟು ಜಾಗ ಇಲ್ರಿ ಮೇಡಂ" ಅಂದ.
ಅಂಕಿ ಮೂರು ಬರೆದು ರೊಕ್ಕ ಇಸಕೊಂಡು ಹೋದ.

ಪೆಟ್ಟಿಗೆಯನ್ನು ನನ್ನ ಮೇಜಿನ ಕೆಳಗೆ ಇಟ್ಟಿದ್ದೇನೆ.
ಯಾದಿಯಲ್ಲಿ ಸೇರಿಸಿಲ್ಲ.
ಕಾಲು ಚಾಚಿದರೆ ತಣ್ಣಗೆ ತಾಗುತ್ತದೆ.

ಹೊಸ ಠಾಣೆಯ ಮೊದಲ ರಾತ್ರಿ, ಎರಡೂ ನಲವತ್ತು.
ಫೋನು.
"ಹೇಳ್ರಿ, ಚಿಟಗುಪ್ಪ ಠಾಣೆ."
ಉಸಿರು. ಹಿಂದೆ ಎಲ್ಲೋ ಎಮ್ಮೆಯ ಸರಪಳಿ,
ಒಂದು ಪಾತ್ರೆ ಉರುಳಿ ನಿಂತ ಸದ್ದು.
"ಹೇಳ್ರಿ ಅವ್ವಾ."
ಅವ್ವನೋ ಅಪ್ಪನೋ, ಗೊತ್ತಿಲ್ಲ. ಬಾಯಿಗೆ ಬಂತು.

ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು
ವಹಿ ತೆರೆದೆ. ತಾರೀಖು ಬರೆದೆ. ವೇಳೆ ಬರೆದೆ.
ಅದರ ಮುಂದೆ:
ಮಾತಾಡಿಲ್ಲ.
ಇಟ್ಟೂ ಇಲ್ಲ.
ನಾನೂ ಇಟ್ಟಿಲ್ಲ.