ಇತರೆ

ಕರಿಘಟ್ಟದ ಬುಡದಲ್ಲಿ, ಲೋಕಪಾವನಿ
ಕಾವೇರಿಗೆ ಸೇರುವ ಮೊಣಕಾಲುದ್ದ ನೀರಿನಲ್ಲಿ
ತಿಂಗಳಿಗೊಮ್ಮೆ ಸಣ್ಣಜವರ ಬಲೆ ಕೊಡವುತ್ತಾನೆ.
ಬಕೆಟ್ಟಿಗೆ ಬೀಳುವುದೆಲ್ಲ ಬೆಳ್ಳಿ.
ಒಂದರ ಬಾಲದ ಬುಡಕ್ಕೆ ಕಾಡಿಗೆಯ ಬೊಟ್ಟು,
ಇನ್ನೊಂದರ ಹೆಗಲಿಗೆ ಮಸಿ ಒರೆಸಿದಂಥ ಪಟ್ಟಿ.
ಅಷ್ಟೇ.
"ಎಲ್ಡೂ ಗೆಂಡೇನೇ ಕನವ್ವ.
ಸಾರಿಗೆ ಬಿದ್ಮೇಲೆ ಬೊಟ್ಟೆಲ್ಲಿ, ಪಟ್ಟೆಲ್ಲಿ?"

ಒಂದೇ ಮಡು, ಒಂದೇ ಅಳತೆಯ ಬಾಯಿ.
ಒಂದು ಇನ್ನೊಂದನ್ನು ಹಸಿವಿಗೆ ನೂಕದೆ
ಇಷ್ಟು ಕಾಲ ಹೇಗೆ ಬಾಳಿದವು?
ನನ್ನ ಮೂರು ವರ್ಷ, ಎರಡು ಜೊತೆ ಚಪ್ಪಲಿ,
ಗಂಗೋತ್ರಿಯ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮೇಜು,
ಕೈಯ ಫಾರ್ಮಲಿನ್ ವಾಸನೆಗೆ ಅಮ್ಮ ಬೇರೆ ಇಟ್ಟ ಲೋಟ,
ಎಲ್ಲ ಈ ಒಂದು ಪ್ರಶ್ನೆಗೆ.

ಇನ್ನೊಬ್ಬರ ಹೊಟ್ಟೆ ಬಗೆದು ನೋಡುವುದು ಮರ್ಯಾದೆಯಲ್ಲ,
ಗೊತ್ತು. ಆದರೆ ಹೊಟ್ಟೆಗೆ ಸುಳ್ಳು ಬರುವುದಿಲ್ಲ.

ಉಗುರುದ್ದದ ಮರಿಗಳಲ್ಲಿ
ಬೊಟ್ಟಿನದಿರಲಿ ಪಟ್ಟಿಯದಿರಲಿ ಒಂದೇ ಊಟ:
ನೀರುಚಿಗಟ, ಸೂಜಿಮೊನೆಯಷ್ಟು ಜೀವ,
ಕಾಲು ಮಡಚಿಕೊಂಡೇ ಸತ್ತದ್ದು.
ಮಳೆಯ ಹೊಸನೀರು, ಯಾರಿಗೂ ಕಡಿಮೆಯಿಲ್ಲ.
ಪಂಕ್ತಿಯಲ್ಲಿ ಪಕ್ಕದೆಲೆ ನೋಡುವ ಪುರುಸೊತ್ತೂ ಇಲ್ಲ.

ಕಿರುಬೆರಳುದ್ದಕ್ಕೆ ಬರುವಷ್ಟರಲ್ಲಿ
ಬೊಟ್ಟಿನದು ತಲೆ ತಗ್ಗಿಸಲು ಕಲಿತಿರುತ್ತದೆ.
ಕಲ್ಲಿನ ಪಾಚಿ ಕೆರೆದು ಕೆರೆದು
ಅದರ ಕರುಳು ಉದ್ದವಾಗಿ, ಸುರುಳಿ ಸುತ್ತಿ,
ತಟ್ಟೆಯಲ್ಲಿ ಬಿಡಿಸಿಟ್ಟರೆ ಮೈಯ ಮೂರರಷ್ಟು
ಹಸಿರು ನೂಲು.
ಪಟ್ಟಿಯದು ಮಣ್ಣಿನಿಂದ ಕೆಂಪು ಹುಳ ಎಳೆಯುತ್ತದೆ.
ಅಂಗೈಯಗಲ ಬೆಳೆದ ಮೇಲೆ
ಗಂಟಲಲ್ಲಿ ಹಲ್ಲು ಬಲಿತು ಶಂಖದಹುಳುವನ್ನೇ ಅರೆಯುತ್ತದೆ;
ಜಾಲಿಸಿದರೆ ತಟ್ಟೆಯಲ್ಲಿ ಕಟಕಟ,
ಒಡೆದ ಬಳೆ ಗುಡಿಸಿದ ಹಾಗೆ.

ಪಟ್ಟಿಯ ಗೆಂಡೆ ಎಂದರೆ ಮೂರು ಮೀನು.
ಒಂದೇ ಹೆಸರಿಟ್ಟವರು ನಾವು.
ಅದರ ಮರಿ ತಾಯಿಯ ಪಕ್ಕದಲ್ಲೇ ಈಜುತ್ತ
ಬೇರೆ ಊರಿನವರಂತೆ ಬೇರೆ ಸಂತೆ ಮಾಡುತ್ತದೆ.
ಪೈಪೋಟಿ ಏನಿದ್ದರೂ ಪಕ್ಕದ ಮನೆಯ ಮರಿಯೊಂದಿಗೆ,
ಅದೂ ಕೆಲವೇ ವಾರ,
ಆಮೇಲೆ ಮೈ ಬೆಳೆದು ದಾರಿ ಬಿಡುತ್ತದೆ.

ಇದು ಹೊಳೆದ ದಿನ ಕ್ಯಾಂಟೀನಿನಲ್ಲಿ
ಒಬ್ಬಳೇ ಕೂತು ಎರಡು ಕಾಫಿ ಕುಡಿದೆ.
ಸಣ್ಣಜವರನಿಗೆ ಹೇಳಿದೆ.
ಬೀಡಿಯನ್ನು ತೆಪ್ಪದ ಅಂಚಿಗೆ ಒತ್ತಿ ನಂದಿಸಿದ.
"ಬ್ಯಾಸ್ಗೆಲಿ ಬಾರವ್ವ, ನಾಲೆ ನಿಲ್ಸಿದಾಗ.
ಆಗ ನೋಡೀವಂತೆ ನಿನ್ ಪಾಚಿ, ನಿನ್ ಹುಳ."

ಹೋದೆ. ಹೊಳೆ ಬೋಗುಣಿಯಷ್ಟಾಗಿತ್ತು.
ಬೊಟ್ಟು, ಪಟ್ಟಿ ಎರಡೂ ಒಂದೇ ಕೆಸರು ತಿಂದಿದ್ದವು:
ಮರಳು, ಕಬ್ಬಿನ ಸೋಗೆಯ ಚೂರು,
ಗೊಬ್ಬರದ ಚೀಲದ ನೀಲಿ ಎಳೆ.
ಅರ್ಧಕ್ಕರ್ಧ ಹೊಟ್ಟೆ ಖಾಲಿ.
ದೂರದೂರ ಎಳೆದಿದ್ದ ನನ್ನ ಗೆರೆಗಳು
ಒಂದರ ಮೇಲೊಂದು ಬಂದು ಮಲಗಿದವು.

ಜುಲೈಗೆ ನೀರು ಬಂತು, ಗೆರೆಗಳು ಮತ್ತೆ ಅಗಲಿದವು.
ಅಲ್ಲಿಯವರೆಗೆ ಉಸಿರು ಹಿಡಿದವಕ್ಕೆ ಮಾತ್ರ.
"ತಡ್ಕಂಡವು ಉಳ್ಕತವೆ" ಅಂದ ಸಣ್ಣಜವರ.
ನಾನು ಅದಕ್ಕೆ ಹನ್ನೊಂದು ಪುಟ ತೆಗೆದುಕೊಂಡಿದ್ದೇನೆ.

ನಿನ್ನೆ, ಕೊನೆಯ ಕಂತಿನ ಹೊಟ್ಟೆಗಳು.
ಬೊಟ್ಟಿನದರಲ್ಲಿ ಒಂದು, ಪಟ್ಟಿಯದರಲ್ಲಿ ಒಂದು,
ಮೆತ್ತಗೆ, ಉದ್ದಕ್ಕೆ, ಅಂಚಿಗೆ ತುಸು ಹಳದಿ.
ಸೂಕ್ಷ್ಮದರ್ಶಕ ಬೇಕಾಗಲಿಲ್ಲ.
ಅನ್ನದ ಅಗುಳು. ಪಕ್ಕದಲ್ಲಿ ಅರ್ಧ ಸಾಸಿವೆ.
ಅವತ್ತು ಬಲೆ ಹಾಕುವ ಮುಂಚೆ
ಅದೇ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು
ಚಿತ್ರಾನ್ನದ ಡಬ್ಬಿ ತೊಳೆದವಳು ನಾನೇ.

ಕೋಷ್ಟಕದಲ್ಲಿ ಪಾಚಿಗೆ ಜಾಗವಿದೆ, ಹುಳಕ್ಕಿದೆ, ಚಿಪ್ಪಿಗಿದೆ.
ತೀರಾ ಬಲಕ್ಕೆ ಸಣ್ಣದೊಂದು ಮನೆ: ಇತರೆ.
ಅಲ್ಲಿ ಬರೆದೆ, ಇದಕ್ಕೊಂದು, ಅದಕ್ಕೊಂದು.
ಯಾರ ಮನೆಯ ಅನ್ನ ಎಂಬುದಕ್ಕೆ ಕಾಲಂ ಇಲ್ಲ.