ಸಿಗ್ನಲ್ ವೈನ್ಸ್

ರೈಲ್ವೆ ಗೇಟಿನ ಪಕ್ಕದ ಅಂಗಡಿ, ಅದಕ್ಕೇ ಆ ಹೆಸರು
ಎಂದು ದಾವಣಗೆರೆ ತಿಳಿದುಕೊಂಡಿತ್ತು.
ಶಿವಬಸಯ್ಯನವರು ತಿದ್ದಲಿಲ್ಲ.
ತಿದ್ದುವುದು ಅವರ ಕಸುಬಲ್ಲ,
ಕೇಳಿಸಿಕೊಳ್ಳುವುದು.

ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾಗಿ ನಾನು ಅಲ್ಲಿ ಸೇರಿದೆ.
ಬಾಟಲಿ ಒರೆಸು, ರಟ್ಟಿನ ಪೆಟ್ಟಿಗೆ ಮಡಚು,
ಸ್ಟಾಕ್ ಬುಕ್ಕಿಗೆ ಗೀಟು ಎಳೆ.
ಅವರು ಗಿರಾಕಿಗೆ ಬೆನ್ನು ಹಾಕಿ ಕೂರುತ್ತಿದ್ದರು.
ಅಂಥ ವ್ಯಾಪಾರಿಯನ್ನು ಮಂಡಿಪೇಟೆ ಕಂಡಿರಲಿಲ್ಲ.

ಕಟ್ಟೆಯ ಮೇಲೆ ನಾಣ್ಯದ ಸದ್ದು: ಟಕ್. ಟಕ್‌ಟಕ್.
‘ಮಿಲ್ಲಿನ ಹಾಲಪ್ಪ. ಕ್ವಾರ್ಟರ್ ರಮ್ಮು.’
ಮೆತ್ತಗೆ ಮೂರು.
‘ಹೊಸದಾಗಿ ಕಲಿತ ಮೇಷ್ಟ್ರು. ಪೇಪರ್ ಸುತ್ತಿ ಕೊಡು.’
ಸದ್ದೇ ಇಲ್ಲ.
‘ಯಾರೋ ಹೆಣ್ಮಗಳು, ಗಂಡನಿಗೆ ಒಯ್ಯಾಕ ಬಂದಾಳ.
ಮೊದಲು ಆಕೀಗೆ ಕೊಟ್ಟು ಕಳಿಸು, ಲಗೂನ.’
ಒಂದು ಸಲವೂ ತಪ್ಪಲಿಲ್ಲ.

ಐನೋರ ಜೋಳಿಗೆಯಾಗ ಬಾಟ್ಲಿ ಸದ್ದು ಮಾಡತೈತಿ
ಎಂದು ಊರು ಆಡಿಕೊಂಡಿತು.
ಅವರ ತಾಯಿ ಮಗನ ಮನೆಯ ನೀರು ಮುಟ್ಟದೆ ತೀರಿಕೊಂಡಳು.
ಇವರೋ ಒಂದು ತೊಟ್ಟು ಕುಡಿದವರಲ್ಲ.
ಮೇಲಿನ ಹಲಗೆಯಲ್ಲಿ ಒಂದು ಬಾಟಲಿ,
ಧೂಳಿನ ಕುಲಾವಿ ತೊಟ್ಟ ಕೆಂಪು ದ್ರಾಕ್ಷಿಯದು.
ವೈನ್ಸ್ ಎಂಬ ಬೋರ್ಡಿನಡಿ ನಿಜವಾದ ವೈನ್ ಅದೊಂದೇ.
ಅದನ್ನು ಮಾತ್ರ ಒರೆಸುವಂತಿಲ್ಲ, ಬರೆಯುವಂತಿಲ್ಲ.
ವರ್ಷಕ್ಕೊಮ್ಮೆ ಅಬಕಾರಿ ಇನ್ಸ್‌ಪೆಕ್ಟರು ಎಣಿಸುವರು:
‘ಲೆಕ್ಕಕ್ಕಿಂತ ಒಂದು ಹೆಚ್ಚೈತಲ್ಲ ಕ್ಯಾಪ್ಟನ್ ಸಾಹೇಬ್ರೇ?’
‘ಹೌದು, ಹೆಚ್ಚೈತಿ’ ಎಂದು ದಂಡ ಕಟ್ಟುವರು.

ಕೇಳಿದ್ದು ಒಂದೇ ರಾತ್ರಿ. ಮಿಲ್ಲಿನಲ್ಲಿ ಮುಷ್ಕರ,
ಊರಿಗೆ ಕರೆಂಟಿಲ್ಲ, ಗಿರಾಕಿಯಿಲ್ಲ.
ಮೇಣದಬತ್ತಿಗೂ ಬೆನ್ನು ಹಾಕಿಯೇ ಹೇಳಿದರು:

‘ಎಪ್ಪತ್ತೊಂದು. ಗಡಿಯ ಈಚೆ ಒಂದು ಚಹಾ ಗೋದಾಮು.
ಕಿವಿಗೆ ಎರಡು ಕರೀ ಬಟ್ಟಲು, ಎಂಟು ತಿಂಗಳು.
ಆಚೆ ಒಬ್ಬ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ,
ಕೀ ಒತ್ತೋ ಬೆರಳು ಗೊತ್ತು.
ಗೆರೀನ ಒಂಚೂರು ಎಳೀತಿದ್ದ,
ಆಳದ ಬಾವಿಯಿಂದ ಕೊಡ ಸೇದೋರಂಗ.
ನೆಗಡಿ ಬಂದ್ರೆ ಚುಕ್ಕಿ ತಪ್ಪೋದು.
ಉಪವಾಸದ ತಿಂಗಳು, ಸಂಜಿಮುಂದ ಭಾಳ ಅವಸರ.
ಅವನ ದಂಡು ಜಾಗ ಬದಲಿಸ್ತು, ಗುಟ್ಟಿನ ಹೆಸರು ಬದಲಿಸ್ತು.
ಬೆರಳು ಹೆಂಗ ಬದಲಿಸ್ತಾನ?
ನಾನೇ ಬರದು ಕೊಟ್ಟೆ: ಇಂಥ ಊರು, ಇಂಥ ಶಾಲೆ,
ಹಿಂದಿನ ಕೋಣೆ.’

ಆಮೇಲೆ?

‘ಆಮೇಲೆ ಎಣ್ಣಿ ಕಾಯೋ ಸದ್ದು.
ಮಿರ್ಚಿ ಬಿಡೋಕ್ಮುಂಚೆ ಬಾಣಲಿಯೊಳಗ ಬರತೈತಲ್ಲ,
ಅದೊಂದೇ, ಬೆಳಗಿನ ತನಕ.
ಬ್ರಿಗೇಡಿಯರ್ರು ಬೆನ್ನು ತಟ್ಟಿ ಆ ಬಾಟ್ಲಿ ಕೊಟ್ಟರು.’

ಅಷ್ಟೇ. ಬತ್ತಿ ಮುಗಿದಿತ್ತು, ಬೀಗ ಹಾಕಿದೆವು.

ಅದರ ಮುಂದಿನ ಬೇಸಿಗೆ ಒಂದು ಮಧ್ಯಾಹ್ನ
ಕಟ್ಟೆಯ ಮೇಲೆ ಯಾರೋ ಬಡಿದರು. ನನಗೆ ಬರೀ ಸದ್ದು.
ಅವರು ತಿರುಗಿದರು.
ನಾಲ್ಕು ವರ್ಷದಲ್ಲಿ ಅವರು ತಿರುಗಿದ್ದು ಅದೇ ಮೊದಲು.
ಲಾರಿ ಕ್ಲೀನರ್ ಹುಡುಗ, ಕೈತುಂಬ ಗ್ರೀಸು,
ನಾಣ್ಯವನ್ನು ಹಲಗೆಯ ಮೇಲೆ ಕೊಂಚ ಎಳೆಯುತ್ತಿದ್ದಾನೆ.
‘ಯಾವ ಊರಪಾ?’
‘ಜಗಳೂರು ರೀ.’
‘ಹೆಸರು?’
‘ಬಸಣ್ಣಿ ಅಂತಾರ್ರೀ. ಯಾಕ್ರೀ?’
ಅವರು ಸ್ಟೂಲು ಹತ್ತಿದರು, ಮೇಲಿನ ಹಲಗೆಗೆ ಕೈ ಚಾಚಿದರು,
ಬಾಟಲಿ ಮುಟ್ಟಿ ಹಾಗೇ ಇಳಿದರು.
ಹುಡುಗ ಕೇಳಿದ್ದು ಬಿಯರ್. ಬಿಯರ್ ಕೊಟ್ಟರು.
ದುಡ್ಡು ಎಣಿಸಿ, ಚಿಲ್ಲರೆ ಸರಿಯಾಗಿ ಕೊಟ್ಟು
‘ರಾತ್ರಿ ಗಾಡಿ ನಿಧಾನ ಹೊಡೀರಿ ಅನ್ನು ಡ್ರೈವರಗೆ’ ಎಂದರು.
ಆವತ್ತು ಮೂರು ಗಂಟೆಗೇ ಷಟರ್ ಎಳೆದೆವು.

ಅವರೀಗಿಲ್ಲ. ಅಂಗಡಿ ಮೊಬೈಲ್ ರಿಪೇರಿಯವನದು.
ಬಾಟಲಿ ಎಲ್ಲಿ ಹೋಯಿತೋ.
ನಾನು ಕರೆಂಟ್ ಮೀಟರ್ ಓದುವವನು,
ದಿನಕ್ಕೆ ನೂರು ಬಾಗಿಲು ಬಡಿಯುವವನು.
ಒಮ್ಮೆ ಅವರನ್ನು ಕೇಳಿದ್ದೆ:
ಎಲ್ಲರದೂ ಹೇಳತೀರಿ, ನನ್ನ ಬಡಿತ ಹೆಂಗೈತಿ?

‘ಬಡಿಯೋಕ್ಮುಂಚೆ ಒಂದು ಗಳಿಗೆ ನಿಲ್ತೀಯಲ್ಲ,
ಅದು ನನಗ ಕೇಳಸ್ತೈತಿ.’